ಕಕ್ಕ ಬಂದ್ರೂ ಕೂರಲ್ಲ ಅಂತಾನೆ!

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ವಿಷಯ. ಊಟ ಮಾಡುತ್ತಾ ಪತ್ರಿಕೆ ಓದುವ ಅಭ್ಯಾಸ ಇರುವವರು ಪುಟ ಮಡಚಿಟ್ಟು ಕೈ ತೊಳೆದ ಮೇಲೆ ಬನ್ನಿ. ಪ್ರತಿ ಮಳೆಗಾಲದಲ್ಲೂ ನನಗೆ ಈ ಪತ್ರಗಳು ಜಾಸ್ತಿ ಬರುತ್ತವೆ. ಕಾರಣ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿದುಕೊಂಡರೆ ಚಡ್ಡಿ ಒಣಗಲ್ಲ, ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ, ಹಾಗಾಗಿ ಇಡೀ ದಿನ ಡೈಪರ್. ಆಮೇಲೆ ಡೈಪರ್ ಬಿಡಿಸೋದು ಹೇಗೆ ಅಂತ ನನಗೆ ಪತ್ರ!

ಪ್ರಶ್ನೆ: ನಮ್ಮದು ಹೊಸನಗರದ ಕಡೆ ಹಳ್ಳಿ. ಮಗನಿಗೆ 2 ವರ್ಷ 10 ತಿಂಗಳು. ಉಚ್ಚೆ ಬಂದರೆ ಹೇಳುತ್ತಾನೆ, ಚಡ್ಡಿ ತಾನೇ ಇಳಿಸಿಕೊಳ್ಳುತ್ತಾನೆ. ಆದರೆ ಕಕ್ಕಕ್ಕೆ ಡೈಪರ್ ಬೇಕೇ ಬೇಕು. ಡೈಪರ್ ಹಾಕಿದ ತಕ್ಷಣ ಮಂಚದ ಹಿಂದೆ ಹೋಗಿ, ಕಿಟಕಿ ಸರಳು ಹಿಡಿದು, ತುದಿಗಾಲಲ್ಲಿ ನಿಂತು ಮುಖ ಕೆಂಪು ಮಾಡಿಕೊಳ್ಳುತ್ತಾನೆ. ನಾನು ಹತ್ತಿರ ಹೋದರೆ "ನೋಡ್ಬೇಡ" ಅಂತಾನೆ. ಪಾಟಿ ಮೇಲೆ ಕೂರಿಸಿದರೆ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತಾನೆ. ಡೈಪರ್ ಕೊಡದಿದ್ದರೆ 4 ದಿನ ತಡೆದುಕೊಂಡದ್ದೂ ಉಂಟು. ಮುದ್ದು ಮಾಡಿದೆ, ಚಾಕಲೇಟ್ ತೋರಿಸಿದೆ, ಒಂದು ದಿನ ಸಿಟ್ಟು ತಡೆಯದೆ ಹೊಡೆದೂ ಬಿಟ್ಟೆ. ಊಟ ಸರಿಯಾಗಿ ಮಾಡಲ್ಲ, ದಿನಕ್ಕೆ 4 ಲೋಟ ಹಾಲು ಮಾತ್ರ ಕುಡಿಯುತ್ತಾನೆ, ಅದೊಂದು ಸಮಾಧಾನ. ಇಷ್ಟು ಹಠ ಇರೋ ಮಗುವಿಗೆ ಏನು ಮಾಡಬೇಕು? ಹೇಳೋದು ಮರೆತೆ, ಬೇಸಿಗೆಯಲ್ಲಿ ಒಂದು ಸಲ ತುಂಬಾ ಗಟ್ಟಿಯಾಗಿ ಹೋಗಿ ಸ್ವಲ್ಪ ರಕ್ತ ಬಂದಿತ್ತು, ಆಮೇಲೆ ಸರಿಹೋಯಿತು.

ಉತ್ತರ: ಸರಿಹೋಗಿಲ್ಲ ತಾಯಿ. "ಹೇಳೋದು ಮರೆತೆ" ಅಂತ ಕೊನೆಗೆ ಬರೆದಿರಲ್ಲ, ಇಡೀ ಪತ್ರದಲ್ಲಿ ಮುಖ್ಯವಾದ ಸಾಲು ಅದೇ. ನಿಮ್ಮ ಮಗ ಹಠ ಮಾಡುತ್ತಿಲ್ಲ. ಹೆದರಿದ್ದಾನೆ.

ಬೇಸಿಗೆಯ ಆ ಒಂದು ದಿನವನ್ನು ಅವನ ಕಡೆಯಿಂದ ನೋಡಿ. ಗಟ್ಟಿ ಕಕ್ಕ ಹೋಗುವಾಗ ಚರ್ಮ ಸೀಳಿತು, ಪ್ರಾಣ ಹೋಗುವಷ್ಟು ನೋವಾಯಿತು. ಮುಂದಿನ ಸಲ ಬಂದಾಗ ಅವನು ಬುದ್ಧಿವಂತ ಅಲ್ವಾ, ಬಿಗಿಹಿಡಿದ. ಬಿಗಿಹಿಡಿದರೆ ಒಳಗಿದ್ದದ್ದು ಎಲ್ಲಿಗೂ ಹೋಗಲ್ಲ. ದೊಡ್ಡ ಕರುಳು ಅದರಲ್ಲಿರುವ ನೀರನ್ನು ಹೀರುತ್ತಲೇ ಇರುತ್ತದೆ. ಅದು ಇನ್ನೂ ಗಟ್ಟಿಯಾಗುತ್ತದೆ, ದಪ್ಪವಾಗುತ್ತದೆ, ನಾಲ್ಕನೇ ದಿನ ಹೊರಗೆ ಬರುವಾಗ ಮತ್ತೆ ಅದೇ ನೋವು. ನೋಡು, ನಾನು ಅಂದುಕೊಂಡದ್ದು ನಿಜ ಅಂತ ಅವನಿಗೆ ಖಾತ್ರಿಯಾಗುತ್ತದೆ. ನೀವು ಹೇಳಿದ ತುದಿಗಾಲು, ಸೆಟೆದುಕೊಳ್ಳೋದು, ಕಿಟಕಿ ಸರಳು, ಇದರಲ್ಲಿ ಮುಕ್ಕಾಲು ಪಾಲು ಮುಕ್ಕುವುದಲ್ಲ, ತಡೆಯುವುದು. ನೋಡುವವರಿಗೆ ಮುಕ್ಕುತ್ತಿದ್ದಾನೆ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸುತ್ತಿತ್ತು.

ಹಾಗಾಗಿ ಪಾಟಿ ಈಗ ಬೇಡ. ತೊಳೆದು ಅಟ್ಟಕ್ಕೆ ಹಾಕಿ. ಒಂದು ತಿಂಗಳು ಮನೆಯಲ್ಲಿ ಆ ಮಾತೇ ಎತ್ತಬೇಡಿ, ನೆಂಟರೂ ಎತ್ತದ ಹಾಗೆ ನೋಡಿಕೊಳ್ಳಿ. ಡೈಪರ್ ಕೇಳಿದರೆ ಕೊಡಿ. ಸೋತೆ ಅಂದುಕೊಳ್ಳಬೇಡಿ. ಕಕ್ಕ ದಿನಾ ಮೆತ್ತಗೆ, ನೋವಿಲ್ಲದೆ ಹೋಗಬೇಕು, ಎಲ್ಲಿ ಹೋಗುತ್ತದೆ ಅನ್ನೋದು ಆಮೇಲಿನ ಮಾತು.

ಮೊದಲು ಮಕ್ಕಳ ಡಾಕ್ಟರ್‌ಗೆ ತೋರಿಸಿ. 4 ದಿನ ತಡೆಯುವ ಮಗುವಿಗೆ ಬಾಳೆಹಣ್ಣು ಒಂದರಿಂದಲೇ ಸರಿಹೋಗಲ್ಲ. ಸಾಮಾನ್ಯವಾಗಿ ಲ್ಯಾಕ್ಟುಲೋಸ್ ಸಿರಪ್ಪೋ ನೀರಲ್ಲಿ ಕಲಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯೋ ಕೊಡುತ್ತಾರೆ. ಎರಡೂ ಕರುಳಿನಲ್ಲಿ ನೀರು ಉಳಿಸಿಕೊಂಡು ಮೆತ್ತಗೆ ಮಾಡುತ್ತವೆ. ಎಷ್ಟು ಕೊಡಬೇಕು ಅನ್ನೋದು ಮಗುವಿನ ತೂಕ ನೋಡಿ ಅವರೇ ಹೇಳಬೇಕು, ಪಕ್ಕದ ಮನೆ ಮಗುವಿನ ಬಾಟಲಿ ಇಸ್ಕೊಂಡು ಬರಬೇಡಿ. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಎರಡು ದಿನ ಚೆನ್ನಾಗಿ ಹೋಯಿತು ಅಂತ ಔಷಧಿ ನಿಲ್ಲಿಸಿಬಿಡುತ್ತಾರೆ. ಅಭ್ಯಾಸ ಆಗಿಬಿಡುತ್ತೆ ಅನ್ನೋ ಭಯ. ಈ ಔಷಧಿಗಳಿಗೆ ಕರುಳು ಅಂಟಿಕೊಳ್ಳಲ್ಲ. ದಿನಗಟ್ಟಲೆ ತುಂಬಿಕೊಂಡು ಹಿಗ್ಗಿದ ಜಾಗ ಮತ್ತೆ ಮೊದಲಿನ ಹಾಗಾಗಿ, "ಬಂತು" ಅನ್ನೋ ಸೂಚನೆ ಕೊಡೋಕೆ ವಾರಗಳಲ್ಲ, ತಿಂಗಳುಗಳೇ ಬೇಕಾಗುತ್ತವೆ. ಡಾಕ್ಟರ್ ಹೇಳಿದಷ್ಟು ದಿನ ಕೊಡಿ. ವೀಳ್ಯದೆಲೆ ತೊಟ್ಟನ್ನು ಎಣ್ಣೆಗೆ ಅದ್ದಿ ಇಡುವುದು, ಸೋಪಿನ ಚೂರು ಇಡುವುದು, ಹರಳೆಣ್ಣೆ ಕುಡಿಸುವುದು ಯಾವುದೂ ಬೇಡ. ಆ ಜಾಗಕ್ಕೆ ಯಾರೂ ಕೈ ಹಾಕಬಾರದು ಅನ್ನೋ ಹೆದರಿಕೆಯಲ್ಲೇ ಇದ್ದಾನೆ ಅವನು.

ಆಮೇಲೆ ಆ 4 ಲೋಟ ಹಾಲು. ನಿಮಗೆ ಸಮಾಧಾನ, ಅವನ ಹೊಟ್ಟೆಗೆ ತೊಂದರೆ. ಈ ವಯಸ್ಸಿಗೆ ದಿನಕ್ಕೆ 400 ರಿಂದ 500 ಮಿಲಿ ಸಾಕು, ಅಂದರೆ ಎರಡು ಸಣ್ಣ ಲೋಟ. ಹಾಲಲ್ಲೇ ಹೊಟ್ಟೆ ತುಂಬಿದರೆ ಊಟ ಎಲ್ಲಿಂದ ಸೇರುತ್ತದೆ? ಹಾಲು ಇಳಿಸಿ ಮೂರು ದಿನ ರಂಪ ತಡೆದುಕೊಳ್ಳಿ, ನಾಲ್ಕನೇ ದಿನ ತಾನಾಗಿ ತಟ್ಟೆ ಹತ್ತಿರ ಬರುತ್ತಾನೆ. ಬಸಳೆ, ಹೆಸರುಕಾಳು, ಪಪ್ಪಾಯಿ, ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿ, ಮಧ್ಯೆ ಮಧ್ಯೆ ನೀರು. ಮಳೆಗಾಲದ ಥಂಡಿಯಲ್ಲಿ ಮಕ್ಕಳು ನೀರೇ ಕುಡಿಯಲ್ಲ, ನಾವೂ ಕೊಡಲ್ಲ. ತೆಳ್ಳಗಿನ ಸಾರು, ಬೆಚ್ಚಗಿನ ಗಂಜಿ ತಿಳಿ ಆದರೂ ಆದೀತು.

ಎರಡು ಮೂರು ವಾರ ಸಲೀಸಾಗಿ ಹೋದ ಮೇಲೆ ಮೆಲ್ಲಗೆ ಜಾಗ ಬದಲಾಯಿಸಿ. ಡೈಪರ್ ಕೊಡ್ತೀನಿ, ಆದರೆ ಕಕ್ಕ ಮಾಡೋದು ಬಚ್ಚಲಲ್ಲಿ ನಿಂತುಕೊಂಡು ಅಂತ ಹೇಳಿ. ಒಪ್ಪಿದರೆ ಒಂದು ವಾರ ಹಾಗೇ ಬಿಡಿ. ಮುಂದಿನ ವಾರ ಡೈಪರ್ ಹಾಕಿಕೊಂಡೇ ಪಾಟಿ ಮೇಲೆ ಕೂರಲಿ. ಆಮೇಲೆ ಡೈಪರ್ ಸಡಿಲ ಮಾಡಿ. ಆಮೇಲೆ ಅದಕ್ಕೆ ಕೆಳಗೆ ಕತ್ತರಿಯಲ್ಲಿ ಒಂದು ತೂತು. ನಗಬೇಡಿ, ಇದು ಎಷ್ಟೋ ಮಕ್ಕಳಿಗೆ ಹಿಡಿಸಿದೆ. ಸೊಂಟಕ್ಕೆ ಡೈಪರ್ ಇದೆ ಅನ್ನೋ ಧೈರ್ಯ ಅವನಿಗೆ, ಕಕ್ಕ ಬೀಳೋದು ಪಾಟಿಗೆ. ಯಾವ ಮೆಟ್ಟಿಲಲ್ಲಾದರೂ ಮತ್ತೆ ತಡೆಯೋಕೆ ಶುರು ಮಾಡಿದರೆ ಒಂದು ಮೆಟ್ಟಿಲು ಹಿಂದೆ ಬನ್ನಿ.

ಕೂರಿಸುವಾಗ ಪಾದ ಗಾಳಿಯಲ್ಲಿ ತೂಗಾಡಬಾರದು. ಕಾಲಿಗೆ ಆಸರೆ ಇಲ್ಲದಿದ್ದರೆ ಯಾರಿಗೂ ಮುಕ್ಕೋಕೆ ಆಗಲ್ಲ. ಊಟಕ್ಕೆ ಕೂರುವ ಮಣೆ ಇರುತ್ತಲ್ಲ, ಹಳೆಯದೊಂದು ತೆಗೆದು ಇದಕ್ಕೇ ಅಂತ ಇಡಿ, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ತಿಂಡಿ ಆಗಿ 15-20 ನಿಮಿಷಕ್ಕೆ ಕೂರಿಸಿ, ಹೊಟ್ಟೆಗೆ ಊಟ ಬಿದ್ದರೆ ಕರುಳು ತಾನಾಗಿ ಚುರುಕಾಗುತ್ತದೆ. 5 ನಿಮಿಷ ಸಾಕು, ಬರದಿದ್ದರೆ ಎದ್ದು ಹೋಗಲಿ. ಕೈಗೆ ಜಾತ್ರೆಯಲ್ಲಿ ಸಿಗುವ ಪೀಪಿ ಕೊಡಿ. ಊದುವಾಗ ಹೊಟ್ಟೆ ಒತ್ತುತ್ತದೆ, ಕೆಳಗಿನ ಬಿಗಿ ಸಡಿಲವಾಗುತ್ತದೆ. ಮನೆಯವರ ಕಿವಿಗೆ ಸ್ವಲ್ಪ ಕಷ್ಟ, ಅಷ್ಟೇ. ಮತ್ತೆ, "ಛೀ, ಗಬ್ಬು ನಾತ" ಅನ್ನೋ ಮಾತು ಮನೆಯಲ್ಲಿ ನಿಲ್ಲಲಿ. ಹೊಡೆದದ್ದಕ್ಕೆ ನೀವು ಬೇಜಾರು ಮಾಡಿಕೊಂಡಿದ್ದೀರಿ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. "ಅವತ್ತು ಅಮ್ಮ ಹೊಡೆದದ್ದು ತಪ್ಪು" ಅಂತ ಅವನಿಗೂ ಒಂದು ಸಲ ಹೇಳಿ. 2 ವರ್ಷ 10 ತಿಂಗಳಿಗೆ ಅದು ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಇಂಥ ಮಕ್ಕಳ ಚಡ್ಡಿಯಲ್ಲಿ ನೀರು ನೀರಾಗಿ ಸೋರಿ ಕಲೆಯಾದರೆ ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಔಷಧಿ ಕೊಟ್ಟುಬಿಡುತ್ತಾರೆ. ಒಳಗೆ ಗಟ್ಟಿಯಾಗಿ ಸಿಕ್ಕಿಹಾಕಿಕೊಂಡಿರೋದರ ಪಕ್ಕದಿಂದ ಸೋರಿ ಬರುವುದಿರಬಹುದು ಅದು. ಹೊಟ್ಟೆ ಉಬ್ಬಿ ವಾಂತಿಯಾದರೆ, ಜ್ವರ ಬಂದರೆ, ಮತ್ತೆ ರಕ್ತ ಕಂಡರೆ, ತೂಕ ಏರದಿದ್ದರೆ ಕಾಯಬೇಡಿ. ಹುಟ್ಟಿದಾಗಿನಿಂದಲೂ ಕಕ್ಕದ ತೊಂದರೆ ಇದ್ದರೆ ಅದನ್ನೂ ಡಾಕ್ಟರ್‌ಗೆ ಮರೆಯದೆ ಹೇಳಿ. ಕೊನೆಗೆ ಹೇಳಬೇಡಿ, ಮೊದಲೇ ಹೇಳಿ.

ಪ್ರಶ್ನೆ: ನಾನು ಅಜ್ಜಿ, ಸಾಗರದಿಂದ. ನನ್ನ ಮೂರು ಮಕ್ಕಳೂ ವರ್ಷ ತುಂಬುವ ಮೊದಲೇ ಚೊಕ್ಕ ಇದ್ದರು. ಕಾಲು ಚಾಚಿ ಕುಳಿತು, ಪಾದದ ಮೇಲೆ ಕೂರಿಸಿ "ಸ್ಸ್ಸ್" ಅಂದರೆ ಮುಗಿಯಿತು. ಸೊಸೆ "ಮಗು ರೆಡಿ ಆಗಬೇಕು" ಅಂತಾಳೆ. ಮೊಮ್ಮಗಳಿಗೆ ಒಂದೂವರೆ ವರ್ಷ, ಇನ್ನೂ ಡೈಪರ್. ಯಾರು ಸರಿ ಹೇಳಿ.

ಉತ್ತರ: ಅಜ್ಜೀ, ಈ ಜಗಳದಲ್ಲಿ ನನ್ನನ್ನು ಸಿಕ್ಕಿಸಬೇಡಿ ಅಂತ ಬರೆಯೋಣ ಅಂದುಕೊಂಡಿದ್ದೆ. ಆದರೆ ನೀವು ಹೇಳಿದ್ದು ಸುಳ್ಳಲ್ಲ. ನನ್ನನ್ನೂ ನನ್ನಮ್ಮ ಹಾಗೇ ಕೂರಿಸಿದ್ದು. ಎರಡು ಪಾದದ ನಡುವೆ ಸಂದಿ, ಮಗು ಕುಕ್ಕರಗಾಲಲ್ಲಿ, ಬೆನ್ನಿಗೆ ಅಮ್ಮನ ಮೊಣಕಾಲಿನ ಆಸರೆ. ಅಂಗಡಿಯಲ್ಲಿ ಸಿಗುವ ಯಾವ ಪಾಟಿಯೂ ಅಷ್ಟು ಚೆನ್ನಾಗಿ ಮಗುವನ್ನು ಹಿಡಿದುಕೊಳ್ಳಲ್ಲ.

ಆದರೆ ಒಂದು ಮಾತು ಕೇಳಿ. ಆಗ ಕಲಿತದ್ದು ಅರ್ಧ ಮಗು, ಅರ್ಧ ನೀವು. ಹಾಲು ಕುಡಿದು ಎಷ್ಟು ಹೊತ್ತಿಗೆ ಬರುತ್ತದೆ, ಮುಖ ಹೇಗಾಗುತ್ತದೆ ಅಂತ ನಿಮಗೆ ಗೊತ್ತಿತ್ತು. ಎತ್ತಿಕೊಂಡು ಓಡೋಕೆ ಮನೆ ತುಂಬಾ ಜನ ಇದ್ದರು. ಬಟ್ಟೆ ಒದ್ದೆಯಾದರೆ ಮಗುವಿಗೂ ತಕ್ಷಣ ತಿಳಿಯುತ್ತಿತ್ತು. ಈಗಿನ ಡೈಪರ್ ಒಳಗೆ ಸೋಡಿಯಂ ಪಾಲಿಅಕ್ರಿಲೇಟ್ ಅನ್ನೋ ಪುಡಿ ಇರುತ್ತದೆ. ಉಚ್ಚೆ ಬಿದ್ದ ಕೂಡಲೇ ಹೀರಿಕೊಂಡು ಅಂಟಂಟಾಗುತ್ತದೆ, ಮಗುವಿನ ಕುಂಡೆ ಒಣಗೇ ಇರುತ್ತದೆ. ಮಾಡಿದ್ದೇ ಗೊತ್ತಾಗದ ಮಗುವಿಗೆ ಹೇಳೋಕೆ ಏನಿದೆ?

ಸೊಸೆ ಹೇಳೋದೂ ಹೊಸ ಫ್ಯಾಶನ್ ಏನಲ್ಲ. ಅಮೆರಿಕದ ಮಕ್ಕಳ ಡಾಕ್ಟರ್ ಟಿ. ಬೆರಿ ಬ್ರೇಜೆಲ್ಟನ್ 1962ರಲ್ಲೇ ಸಾವಿರಕ್ಕೂ ಜಾಸ್ತಿ ಮಕ್ಕಳ ಲೆಕ್ಕ ಇಟ್ಟು ಇದನ್ನೇ ಬರೆದರು. ಮಗು ತಯಾರಾಗುವ ತನಕ ಒತ್ತಾಯ ಮಾಡದೆ ಕಾದಾಗ ಹಗಲಿನ ಅಭ್ಯಾಸ ಸುಮಾರು 28 ತಿಂಗಳಿಗೆ ಬಂತು. ತಯಾರು ಅಂದರೆ ಏನು? ಎರಡು ಗಂಟೆ ಚಡ್ಡಿ ಒಣಗಿರೋದು, ಹೇಳಿದ ಸಣ್ಣ ಕೆಲಸ ಮಾಡೋದು, ಚಡ್ಡಿ ಎಳೆಯೋದು, ಬಂದಾಗ ಮೂಲೆಗೆ ಹೋಗಿ ನಿಲ್ಲೋದು. ಒಂದೂವರೆಗೆ ಕೆಲವು ಮಕ್ಕಳಲ್ಲಿ ಇದು ಕಾಣುತ್ತದೆ, ಎಷ್ಟೋ ಮಕ್ಕಳಲ್ಲಿ ಇಲ್ಲ.

ಹಾಗಾಗಿ ಬೆಳಗ್ಗೆ ಒಂದು ಹೊತ್ತು ನೀವು ವಹಿಸಿಕೊಳ್ಳಿ. ಮಗು ಎದ್ದ ಕೂಡಲೇ, ಮತ್ತೆ ತಿಂಡಿ ಆದ ಮೇಲೆ, ನಿಮ್ಮ ಕಾಲ ಮೇಲೆ ಕೂರಿಸಿ "ಸ್ಸ್ಸ್" ಅನ್ನಿ. ಅತ್ತರೆ ಎಬ್ಬಿಸಿಬಿಡಿ. ಮನೆಯಲ್ಲಿದ್ದಾಗ ಎರಡು ಗಂಟೆ ಹತ್ತಿ ಚಡ್ಡಿ. ಮಿಕ್ಕ ಹೊತ್ತು ಸೊಸೆಯ ಡೈಪರ್. ನೆಲ ಒರೆಸೋದು ಮಾತ್ರ ಯಾರು ಅಂತ ಮೊದಲೇ ಮಾತಾಡಿಕೊಳ್ಳಿ, ನಿಜವಾದ ಜಗಳ ಅಲ್ಲೇ ಇರೋದು.

ಪ್ರಶ್ನೆ: ಶಿವಮೊಗ್ಗ ವಿನೋಬನಗರದಿಂದ. 3 ವರ್ಷದ ಮಗಳು ಅಜ್ಜನ ಮನೆಯಲ್ಲಿ ಭಾರತೀಯ ಟಾಯ್ಲೆಟ್‌ನಲ್ಲಿ ಸಲೀಸಾಗಿ ಕೂರುತ್ತಾಳೆ. ನಮ್ಮ ಮನೆಯ ಕಮೋಡ್ ಅಂದರೆ ಬಾಗಿಲಿಗೇ ಕಿರುಚುತ್ತಾಳೆ. ಪ್ಲೇಸ್ಕೂಲ್‌ನವರು ಡೈಪರ್ ಬಿಡಿಸದೆ ಸೇರಿಸಿಕೊಳ್ಳಲ್ಲ ಅಂತಾರೆ. ಇನ್ನು 3 ವಾರ ಇದೆ.

ಉತ್ತರ: ಇದಕ್ಕೆ ನನ್ನ ಮನೆ ಕಥೆ ಹೇಳಬೇಕು. ನಾವಾಗ ತೀರ್ಥಹಳ್ಳಿ ಹತ್ತಿರ ಇದ್ದೆವು. ಟಾಯ್ಲೆಟ್ ಹಿತ್ತಲಲ್ಲಿ, ಕೊಟ್ಟಿಗೆ ದಾಟಿ. ಪುಷ್ಯ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮಗ, ಕಾಲಿಗೆ ಉಂಬಳ ಹತ್ತಿದೆಯಾ ಅಂತ ನೋಡಿಕೊಳ್ಳುತ್ತಾ ಹೋಗುತ್ತಿದ್ದೆ. ಅಷ್ಟು ದಿನ ಚೆನ್ನಾಗಿ ಕೂರುತ್ತಿದ್ದವನು ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲಲ್ಲೇ ನನ್ನ ಕುತ್ತಿಗೆಗೆ ಜೋತುಬಿದ್ದ. ಕಾರಣ ಕೇಳಿದರೆ ಬಾಯಿ ಬಿಡಲ್ಲ. ಒಂದು ತಿಂಗಳು ಗದರಿದೆ, ಬೇಡಿಕೊಂಡೆ. ಕೊನೆಗೆ ಒಂದು ರಾತ್ರಿ ಕರೆಂಟ್ ಹೋಗಿದ್ದಾಗ ಕಂಬಳಿ ಒಳಗೆ ಅವನು ಅಕ್ಕನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಗುಂಡಿ ಒಳಗೆ ಕಪ್ಪೆ ಇದೆ. ಅದು ಕೆಳಗಿಂದ ನೋಡ್ತಾ ಇರುತ್ತೆ." ಯಾವತ್ತೋ ಒಂದು ಕಪ್ಪೆ ಬೇಸಿನ್ ಅಂಚಲ್ಲಿ ಕೂತು ಹಾರಿತ್ತಂತೆ. ಮರುದಿನದಿಂದ ಅವನ ಕೈಗೆ ಟಾರ್ಚ್ ಕೊಟ್ಟೆ. ಮೊದಲು ಅವನೇ ಬೆಳಕು ಬಿಟ್ಟು, ನಾಲ್ಕೂ ಮೂಲೆ ನೋಡಿ, ಒಂದು ಚೊಂಬು ನೀರು ಹೊಯ್ದು, "ಇಲ್ಲ" ಅಂದ ಮೇಲೆ ಚಡ್ಡಿ ಇಳಿಸುತ್ತಿದ್ದ.

ನಿಮ್ಮ ಮಗಳ ಕಪ್ಪೆ ಯಾವುದು ಅಂತ ಹುಡುಕಿ. ಹೆಚ್ಚಿನ ಮಕ್ಕಳಿಗೆ ಅದು ಫ್ಲಶ್ ಸದ್ದು. ಇಲ್ಲವೇ ಆ ದೊಡ್ಡ ತೂತಿನೊಳಗೆ ಬಿದ್ದುಹೋಗ್ತೀನಿ ಅನ್ನೋ ಭಯ. ಅವಳ ಗಾತ್ರಕ್ಕೆ ಅದು ನಿಜವೇ, ನಮಗೆ ಬಾವಿಕಟ್ಟೆ ಮೇಲೆ ಕೂತ ಹಾಗೆ. ಕಮೋಡ್ ಮೇಲೆ ಕೂರುವ ಸಣ್ಣ ಸೀಟು ತನ್ನಿ, ಕಾಲಿಗೆ ಸ್ಟೂಲ್ ಇಡಿ. ಅವಳು ಹೊರಗೆ ಹೋದ ಮೇಲೆ ಫ್ಲಶ್ ಮಾಡಿ. ಕೆಲವು ದಿನ ಕಳೆದು, ಅವಳು ದೂರದಲ್ಲಿ ನಿಂತು ಟಾಟಾ ಹೇಳಲಿ, ಆಮೇಲೆ ಗುಂಡಿ ತಾನೇ ಒತ್ತಲಿ. ಅಷ್ಟರವರೆಗೆ ನೆಲದ ಮೇಲಿಡುವ ಪಾಟಿ ಇಡಿ, ಕುಕ್ಕರಗಾಲು ಗೊತ್ತಿರುವ ಮಗು ಅದರಲ್ಲಿ ಬೇಗ ಕೂರುತ್ತದೆ.

3 ವಾರದ ಗಡುವು ಮಗಳಿಗೆ ಹೇಳಬೇಡಿ. ಶಾಲೆಯವರ ಹತ್ತಿರ ಕೂತು ಮಾತಾಡಿ, ಬದಲಿ ಚಡ್ಡಿ ಮೂರು ಇಡ್ತೀನಿ, ಅಜ್ಜನ ಮನೆಯಲ್ಲಿ ಅವಳಿಗೆ ಅಭ್ಯಾಸ ಇದೆ ಅನ್ನಿ. ಅಲ್ಲಿನ ಟಾಯ್ಲೆಟ್ ಭಾರತೀಯದ್ದೋ ಕಮೋಡೋ ಅಂತ ಕೇಳಿದ್ದೀರಾ? ಭಾರತೀಯದ್ದಾದರೆ ನಿಮ್ಮ ಚಿಂತೆ ಅಲ್ಲಿಗೇ ಮುಗಿಯಿತು. 3 ವರ್ಷದ ಮಕ್ಕಳನ್ನು ಇಟ್ಟುಕೊಳ್ಳುತ್ತೇವೆ ಅಂತ ಬೋರ್ಡ್ ಹಾಕಿ, ಚಡ್ಡಿ ಒದ್ದೆ ಆಗಬಾರದು ಅಂದರೆ ಹೇಗೆ, ನನಗಂತೂ ಅರ್ಥ ಆಗಲ್ಲ. ಹೆಣ್ಣು ಮಗು ಅಲ್ವಾ, ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ಅನ್ನೋದನ್ನು ಈಗಲೇ ಕಲಿಸಿ.

ಪ್ರಶ್ನೆ: ಮಗಳಿಗೆ ಮೂರೂವರೆ. ಎಲ್ಲಾ ಕಲಿತಿದ್ದಳು. ತಮ್ಮ ಹುಟ್ಟಿ ಎರಡು ತಿಂಗಳು, ಈಗ ಮತ್ತೆ ಚಡ್ಡಿಯಲ್ಲೇ. ಬೇಕು ಅಂತಲೇ ಮಾಡ್ತಾಳಾ? (ಸೊರಬ)

ಉತ್ತರ: ಇಲ್ಲ. ಡೈಪರ್ ಹಾಕಿದವನನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ ಅನ್ನೋದನ್ನು ಅವಳು ನೋಡಿದ್ದಾಳೆ, ಅಷ್ಟೇ. ಬೈಯಬೇಡಿ, ಸುಮ್ನೆ ಬಟ್ಟೆ ಬದಲಾಯಿಸಿ. ದಿನಕ್ಕೆ ಒಂದರ್ಧ ಗಂಟೆ ತಮ್ಮನಿಲ್ಲದೆ ಅವಳೊಬ್ಬಳ ಜೊತೆ ಇರಿ. ನೀವು ಬಾಣಂತಿ, ಕೋಣೆಯಿಂದ ಹೊರಗೆ ಬರೋಕೆ ಬಿಡಲ್ಲ ಅಂದರೆ ಅವಳನ್ನೇ ಒಳಗೆ ಕರೆದು ಪಕ್ಕದಲ್ಲಿ ಮಲಗಿಸಿಕೊಳ್ಳಿ. ಕೆಲವು ವಾರದಲ್ಲಿ ಸರಿಹೋಗುತ್ತದೆ. ಆದರೆ ಉಚ್ಚೆ ಮಾಡುವಾಗ ಉರಿ ಅಂದರೆ, ಪದೇ ಪದೇ ಓಡಿದರೆ, ಜ್ವರ ಬಂದರೆ ಮೂತ್ರ ಪರೀಕ್ಷೆ ಮಾಡಿಸಿ, ಎಲ್ಲವನ್ನೂ ತಮ್ಮನ ತಲೆಗೆ ಕಟ್ಟಬೇಡಿ.

ಪ್ರಶ್ನೆ: ಮಗನಿಗೆ 4 ವರ್ಷ. ಹಗಲು ಪರವಾಗಿಲ್ಲ, ರಾತ್ರಿ ಹಾಸಿಗೆ ಒದ್ದೆ. ಗಂಡ ಬೆಳಗ್ಗೆ ಎದ್ದ ಕೂಡಲೇ ಮಗುವಿಗೆ ನಾಚಿಕೆಯಾಗುವ ಹಾಗೆ ಬೈತಾರೆ. (ಆಗುಂಬೆ ಕಡೆಯಿಂದ)

ಉತ್ತರ: ರಾತ್ರಿಯದ್ದು ಕಲಿಸಿ ಬರುವ ವಿದ್ಯೆಯೇ ಅಲ್ಲ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಒಂದು ಹಾರ್ಮೋನ್ ಇದೆ, ಅದು ಸರಿಯಾಗಿ ಕೆಲಸಕ್ಕೆ ಬರಬೇಕು, ಮೂತ್ರಕೋಶ ತುಂಬಿದರೆ ಎಚ್ಚರವಾಗಬೇಕು. ಎರಡೂ ದೇಹ ಬೆಳೆದ ಹಾಗೆ ಆಗೋದು. 5 ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ಇನ್ನೂ ಹಾಸಿಗೆ ಒದ್ದೆ ಮಾಡುತ್ತಾರೆ. 4ಕ್ಕೆ ಇದು ಕಾಯಿಲೆಯೇ ಅಲ್ಲ. ಒಣಗಿರುತ್ತಿದ್ದ ಮಗು ಇದ್ದಕ್ಕಿದ್ದಂತೆ ಶುರು ಮಾಡಿದರೆ, ವಿಪರೀತ ಬಾಯಾರಿಕೆ ಇದ್ದರೆ ಮಾತ್ರ ಡಾಕ್ಟರ್‌ಗೆ ಬೇಗ ತೋರಿಸಿ.

ಇದು ವಂಶದಲ್ಲೂ ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಂಭವ 100ಕ್ಕೆ 40ರ ಮೇಲೆ. ಹಾಗಾಗಿ ಬೆಳಗ್ಗೆ ತಿಂಡಿ ಹೊತ್ತಲ್ಲಿ, ಗಂಡ ಎದುರಿಗಿರುವಾಗ, ಅತ್ತೆಯನ್ನು ಮೆಲ್ಲಗೆ ಕೇಳಿ, ಇವರು ಎಷ್ಟು ವರ್ಷದ ತನಕ ಹಾಸಿಗೆ ಒದ್ದೆ ಮಾಡುತ್ತಿದ್ದರು ಅಂತ. ಉತ್ತರ ಬಂದರೆ ನನಗೂ ಬರೆದು ತಿಳಿಸಿ.

ಸದ್ಯಕ್ಕೆ ಹಾಸಿಗೆಗೆ ರಬ್ಬರ್ ಶೀಟ್, ಅದರ ಮೇಲೆ ಹಳೆ ಹತ್ತಿ ಸೀರೆ ಎರಡು ಮಡಿಕೆ. ಕಂಬಳಿ ಒಗೆದರೆ ನಿಮ್ಮ ಕಡೆ ಆಗಸ್ಟ್ ಮುಗಿಯೋ ತನಕ ಒಣಗಲ್ಲ, ಅದಕ್ಕೆ ತೆಳ್ಳನೆ ಬಟ್ಟೆಯ ಗವಸು ಹೊಲಿದು ಹಾಕಿ, ಗವಸು ಒಂದನ್ನೇ ತೆಗೆದು ಒಲೆ ಮೇಲೆ ಒಣಗಿಸಬಹುದು.